ನಿಂತ ಗಡಿಯಾರಗಳನ್ನು ನಡೆಸಿದ ರೂಪರ್ಟ್ ಗೌಲ್ಡ್

ವಿಜ್ಞಾನದ ಚರಿತ್ರೆಯನ್ನು ಓದುವಾಗ ಹೊಸದನ್ನು ಕಂಡುಹಿಡಿದವರ ಹೆಸರುಗಳೇ ನಮ್ಮ ಕಣ್ಣಿಗೆ ಬೀಳುತ್ತವೆ. ಹಾಳಾದುದನ್ನು ಸರಿಪಡಿಸಿ ಉಳಿಸಿದವರ ಹೆಸರು ಕಾಣುವುದು ಅಪರೂಪ. ಅಂತಹ ಒಬ್ಬನ ಜೀವನವನ್ನು ಸಹಪಾಠಿಗಳ ಮುಂದಿಡಬೇಕೆಂಬುದು ನನ್ನ ಬಹುದಿನದ ಆಸೆ. ಆತನೇ ಇಂಗ್ಲೆಂಡಿನ ನೌಕಾಧಿಕಾರಿ ರೂಪರ್ಟ್ ಗೌಲ್ಡ್. ಗಡಿಯಾರದ ಕಸುಬನ್ನು ಯಾವ ಗುರುವಿನ ಬಳಿಯೂ ಕಲಿಯದ ಈತನು ಲೋಕಪ್ರಸಿದ್ಧವಾದ ನಾಲ್ಕು ಗಡಿಯಾರಗಳಿಗೆ ಮರಳಿ ಜೀವ ಕೊಟ್ಟನು.

ಮೊದಲು ಆ ಗಡಿಯಾರಗಳ ವಿಷಯ ಹೇಳಬೇಕು. ಭೂಮಿಯು ಗಂಟೆಗೆ 15 ಡಿಗ್ರಿಯಷ್ಟು ತಿರುಗುತ್ತದೆ. ಆದುದರಿಂದ ಹೊರಟ ಬಂದರಿನ ವೇಳೆಯನ್ನು ತಪ್ಪದೆ ತೋರಿಸುವ ಗಡಿಯಾರವು ಹಡಗಿನಲ್ಲಿದ್ದರೆ, ಅದನ್ನು ಸ್ಥಳೀಯ ವೇಳೆಯೊಡನೆ ಹೋಲಿಸಿ ರೇಖಾಂಶವನ್ನು ತಿಳಿಯಬಹುದು. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರವು ಸರಿಯಾಗಿ ನಡೆಯದು. ರೇಖಾಂಶವನ್ನು ಅಳೆಯುವ ಉಪಾಯಕ್ಕೆ 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು 20,000 ಪೌಂಡುಗಳವರೆಗೆ ಬಹುಮಾನವನ್ನು ಸಾರಿತು. ಬಡಗಿಯ ಮಗನಾದ ಜಾನ್ ಹ್ಯಾರಿಸನ್ ತನ್ನ ಬಾಳನ್ನೇ ಈ ಕೆಲಸಕ್ಕೆ ಸವೆಸಿದನು. 1735ರಲ್ಲಿ ಮುಗಿದ ಅವನ ಮೊದಲನೆಯ ಯಂತ್ರದ ತೂಕ ಸುಮಾರು 34 ಕಿಲೋಗ್ರಾಂ. ಅದರಲ್ಲಿ ಎರಡು ತೂಗುದಂಡಗಳು ಒಂದಕ್ಕೊಂದು ಎದುರುಬದುರಾಗಿ ತೂಗುವುದರಿಂದ ಹಡಗಿನ ಓಲಾಟದ ಪರಿಣಾಮವು ಅಳಿಸಿಹೋಗುತ್ತದೆ. ಮೂರನೆಯ ಯಂತ್ರಕ್ಕೆ ಆತನು 19 ವರ್ಷ ದುಡಿದನು. 1759ರಲ್ಲಿ ಮುಗಿದ ನಾಲ್ಕನೆಯದು ಅಂಗೈಯಲ್ಲಿ ಹಿಡಿಯುವ ದೊಡ್ಡ ಕೈಗಡಿಯಾರದಂತಹುದು. ಜಮೈಕಾ ದ್ವೀಪದವರೆಗಿನ ಸಮುದ್ರಯಾನದಲ್ಲಿ ಅದು ಹಿಂದೆ ಬಿದ್ದುದು ಕೇವಲ ಐದು ಸೆಕೆಂಡು. ನಾವಿಕರ ಪ್ರಾಣ ಕಾಯುವ ದಾರಿಯನ್ನು ತೋರಿದ ಇಂತಹ ಯಂತ್ರಗಳು ಮುಂದೆ ಗ್ರೀನಿಚ್ ವೀಕ್ಷಣಾಲಯದಲ್ಲಿ ನಿಂತುಹೋಗಿ, ಧೂಳು ತಿನ್ನುತ್ತ ಕುಳಿತವು.

ಗೌಲ್ಡ್ ಜನಿಸಿದುದು 1890ರ ನವೆಂಬರ್ 16ರಂದು, ಸೌತ್‌ಸೀ ಎಂಬಲ್ಲಿ. ಹುಡುಗನಾಗಿದ್ದಾಗಲೇ ನೌಕಾಪಡೆಯನ್ನು ಸೇರಿದನು. ಆದರೆ 1914ರಲ್ಲಿ ಮಹಾಯುದ್ಧವು ಆರಂಭವಾದೊಡನೆ ಆತನ ಮನಸ್ಸು ಕುಸಿಯಿತು. ಹಡಗಿನ ಜೀವನವು ಅಲ್ಲಿಗೆ ಮುಗಿಯಿತು. ಚೇತರಿಸಿಕೊಂಡ ಮೇಲೆ ನೌಕಾ ಇಲಾಖೆಯ ಜಲಮಾಪನ ಕಛೇರಿಯಲ್ಲಿ ಮೇಜಿನ ಕೆಲಸ ದೊರೆಯಿತು. ಅಲ್ಲಿ ಸಮುದ್ರದ ಗಡಿಯಾರಗಳ ಚರಿತ್ರೆಯಲ್ಲಿ ಆಸಕ್ತನಾದ ಗೌಲ್ಡ್, 1920ರಲ್ಲಿ ಗ್ರೀನಿಚ್ಚಿಗೆ ಹೋಗಿ ಹ್ಯಾರಿಸನ್ನನ ಯಂತ್ರಗಳನ್ನು ಕಂಡನು. ನಾಲ್ಕೂ ಕೊಳೆ ಹಿಡಿದು, ಕಿಲುಬುಗಟ್ಟಿ, ಕೆಟ್ಟು ನಿಂತಿದ್ದವು. ಅವನ್ನು ಶುಚಿಮಾಡಲು ರಾಜ ಖಗೋಳಜ್ಞನಾದ ಫ್ರಾಂಕ್ ಡೈಸನ್ನನ ಅನುಮತಿಯನ್ನು ಬೇಡಿ ಪಡೆದನು. ಸಂಬಳವೆಂಬುದು ಒಂದು ಕಾಸೂ ಇಲ್ಲ.

ಹೊಸಬನು ಕೈಹಾಕಿದುದು ಎಷ್ಟು ಕಠಿಣವಾದ ಕೆಲಸಕ್ಕೆ ಎಂಬುದನ್ನು ವಾಚಕರು ಊಹಿಸಬೇಕು. ಬಿಚ್ಚಿದುದನ್ನು ಜೋಡಿಸುವ ಕ್ರಮವನ್ನು ಹೇಳಿಕೊಡಲು ಕೈಪಿಡಿಯಿರಲಿಲ್ಲ. ಕೇಳೋಣವೆಂದರೆ ಅಂತಹ ಯಂತ್ರವನ್ನು ಬಿಚ್ಚಿ ಬಲ್ಲವರಿರಲಿಲ್ಲ. ಮೊದಲನೆಯ ಯಂತ್ರವೊಂದರಿಂದಲೇ ಟೋಪಿ ಉಜ್ಜುವ ಸಾಧಾರಣ ಬ್ರಷ್ಷಿನಿಂದ ಎರಡು ಔನ್ಸಿನಷ್ಟು ಕೊಳೆ ಕಿಲುಬುಗಳನ್ನು ತೆಗೆದನಂತೆ. ಮೂರನೆಯ ಯಂತ್ರದಲ್ಲಿ 753 ಬಿಡಿಭಾಗಗಳು. ಅದಕ್ಕೇ ಏಳು ವರ್ಷ ಹಿಡಿಯಿತು. ಕಂಡ ಪ್ರತಿಯೊಂದು ಭಾಗವನ್ನೂ ಬಣ್ಣದ ಶಾಯಿಯಲ್ಲಿ ಚಿತ್ರಿಸಿ, ವಿವರ ಬರೆದು, ಆತನು ತುಂಬಿಸಿದ ಟಿಪ್ಪಣಿ ಪುಸ್ತಕಗಳು ಹದಿನೆಂಟು. ನನ್ನ ಮಟ್ಟಿಗೆ ಗೌಲ್ಡನ ನಿಜವಾದ ಹಿರಿಮೆಯಿರುವುದು ಇಲ್ಲಿಯೇ. ಕೈಗೆ ಅನುಭವವಿಲ್ಲದಿದ್ದಾಗ ಕಣ್ಣು ಮತ್ತು ಲೇಖನಿಗಳನ್ನು ಆತನು ಗುರುಗಳನ್ನಾಗಿ ಮಾಡಿಕೊಂಡನು.

1923ರಲ್ಲಿ ಆತನ ‘ದಿ ಮರೈನ್ ಕ್ರೋನೋಮೀಟರ್’ ಎಂಬ ಗ್ರಂಥವು ಹೊರಬಂದು, ಆ ವಿಷಯಕ್ಕೆ ಆಧಾರಗ್ರಂಥವೆನಿಸಿತು. ಆದರೆ ಗಡಿಯಾರಗಳು ಸುಧಾರಿಸಿದಂತೆ ಮನೆಯು ಸುಧಾರಿಸಲಿಲ್ಲ. 1927ರಲ್ಲಿ ನ್ಯಾಯಾಲಯದ ಮೂಲಕ ಪತ್ನಿಯಿಂದ ಬೇರೆಯಾಗಬೇಕಾಯಿತು. ಮನೆ ಹೋಯಿತು, ಮಕ್ಕಳು ದೂರವಾದರು, ಉದ್ಯೋಗವೂ ಕೈಬಿಟ್ಟಿತು. ಗಡಿಯಾರಗಳ ಮೇಲಿನ ಹುಚ್ಚು ಸಂಸಾರದ ಪಾಲಿನ ಹೊತ್ತನ್ನು ಎಷ್ಟು ನುಂಗಿತೋ ಎಂದು ಯೋಚಿಸುವಾಗ, ಆತನನ್ನು ಬರಿಯ ಆದರ್ಶಪುರುಷನೆಂದು ಹೊಗಳಲು ನನಗೆ ಮನಸ್ಸು ಬಾರದು. ಆದರೂ ಎಲ್ಲವನ್ನೂ ಕಳೆದುಕೊಂಡವನು ಹಿಡಿದ ಕೆಲಸವೊಂದನ್ನು ಮಾತ್ರ ಬಿಡಲಿಲ್ಲ ಎಂಬುದು ನನ್ನನ್ನು ಬೆರಗುಗೊಳಿಸುತ್ತದೆ.

ಹೆಚ್ಚು ಹಾಳಾಗಿದ್ದ ಮೊದಲನೆಯ ಯಂತ್ರದ ಪೂರ್ಣ ದುರಸ್ತಿಯನ್ನು ಆತನು ಕೊನೆಗೆ ಇಟ್ಟುಕೊಂಡಿದ್ದನು. ಕಳೆದುಹೋಗಿದ್ದ ಅನೇಕ ಭಾಗಗಳನ್ನು ಹೊಸದಾಗಿಯೇ ಮಾಡಬೇಕಾಯಿತು. 1933ರ ಫೆಬ್ರವರಿ 1ರಂದು, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮೌನವಾಗಿದ್ದ ಆ ಯಂತ್ರವು ಮತ್ತೆ ನಡೆಯಿತು. ಹದಿಮೂರು ವರ್ಷಗಳ ವ್ರತವು ಮುಗಿಯಿತು.

ಗೌಲ್ಡನ ಆಸಕ್ತಿಗಳಿಗೆ ಎಲ್ಲೆಯಿರಲಿಲ್ಲ. ಸಮುದ್ರಸರ್ಪ, ಲಾಕ್‌ನೆಸ್ ಸರೋವರದ ವಿಚಿತ್ರ ಪ್ರಾಣಿ, ಬೆರಳಚ್ಚು ಯಂತ್ರ ಇವೆಲ್ಲದರ ಮೇಲೂ ಪುಸ್ತಕ ಬರೆದನು, ವಿಂಬಲ್ಡನ್ನಿನಲ್ಲಿ ಟೆನ್ನಿಸ್ ಪಂದ್ಯಗಳ ತೀರ್ಪುಗಾರನಾದನು, ಬಿ.ಬಿ.ಸಿ. ರೇಡಿಯೋದಲ್ಲಿ ಮಾತನಾಡಿ ಮನೆಮಾತಾದನು. ಬ್ರಿಟಿಷ್ ಗಡಿಯಾರ ಶಾಸ್ತ್ರಜ್ಞರ ಸಂಸ್ಥೆಯು 1947ರಲ್ಲಿ ಆತನಿಗೆ ಚಿನ್ನದ ಪದಕವಿತ್ತು ಗೌರವಿಸಿತು. 1948ರ ಅಕ್ಟೋಬರ್ 5ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ಗೌಲ್ಡ್ ತೀರಿಕೊಂಡನು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಒಡೆದುದನ್ನು ಕೂಡಿಸುವವನಿಗೆ ಎಷ್ಟು ವರುಷ ಬೇಕೆಂಬುದನ್ನು ಗಾದೆ ಹೇಳಿಲ್ಲ. ಗೌಲ್ಡನ ಬಾಳು ಹೇಳುತ್ತದೆ. ಕೆಟ್ಟ ಉಪಕರಣವನ್ನು ಕಪಾಟಿನೊಳಗಿಟ್ಟು ಹೊಸದಕ್ಕೆ ಅರ್ಜಿ ಬರೆಯುವುದು ನಮಗೆ ರೂಢಿಯಾಗಿದೆ. ಅದನ್ನು ತೆರೆದು ನೋಡಲು ತಜ್ಞನೇ ಬರಬೇಕೆಂದು ಕಾಯುತ್ತೇವೆ. ತಜ್ಞನೂ ಒಂದು ದಿನ ಏನೂ ತಿಳಿಯದವನಾಗಿಯೇ ಅದರ ಮುಂದೆ ಕುಳಿತಿದ್ದನು. ಆದರೆ ತೆರೆಯುವ ಮುನ್ನ ಕಾಗದ ಲೇಖನಿಗಳನ್ನು ಪಕ್ಕದಲ್ಲಿಟ್ಟುಕೊಳ್ಳುವ ವಿವೇಕ ಬೇಕು. ಏಳು ವರ್ಷವಾದರೂ ಮುಗಿಸುವೆನೆಂಬ ಛಲವೂ ಬೇಕು. ಹ್ಯಾರಿಸನ್ನನ ಮೊದಲ ಮೂರು ಯಂತ್ರಗಳು ಗ್ರೀನಿಚ್ಚಿನಲ್ಲಿ ಇಂದಿಗೂ ನಡೆಯುತ್ತಿವೆ. ಸವೆತಕ್ಕೆ ಅಂಜಿ ನಾಲ್ಕನೆಯದನ್ನು ಮಾತ್ರ ನಿಲ್ಲಿಸಿಟ್ಟಿದ್ದಾರೆ. ಅವುಗಳ ಒಂದೊಂದು ತೂಗಾಟದಲ್ಲಿಯೂ ಮಾಡಿದವನ ಹೆಸರಿನೊಡನೆ ಉಳಿಸಿದವನ ಹೆಸರೂ ಸೇರಿದೆಯೆಂದು ನಾನು ನಂಬಿದ್ದೇನೆ.