ವ್ಯಕ್ತಿ ಪರಿಚಯ: ರೈಲು ಸಲೂನಿನ ಹಿಂದಿನ ಮಹಾರಾಣಿ - ವಾಣಿವಿಲಾಸ ಸನ್ನಿಧಾನ



ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಇರಲಿ, ಡಲ್ಲಾಸ್, ಆಸ್ಟಿನ್ ಇರಲಿ, ರೈಲಿನ ಹುಚ್ಚು ಹಿಡಿದ ಮಕ್ಕಳು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಡಲ್ಲಾಸಿನ ನಾರ್ತ್‌ಪಾರ್ಕ್‌ನಲ್ಲಿ ವರ್ಷಾಂತ್ಯಕ್ಕೆ ನಡೆಯುವ ಪುಟ್ಟ ರೈಲುಗಳ ಪ್ರದರ್ಶನ ನೋಡಿ ಬಂದ ಮೇಲೆ ಮನೆಯ ನೆಲದ ಮೇಲೆಲ್ಲಾ ಹಳಿಗಳೇ! ಇಲ್ಲಿನ ಅಂಗಡಿಗಳಲ್ಲಿ ಅಮೆರಿಕಾದ ಎಂಜಿನ್‌ಗಳು ಸಿಗುತ್ತವೆ, ಇಂಗ್ಲೆಂಡಿನ ಗಾಡಿಗಳನ್ನೂ ತರಿಸಿಕೊಳ್ಳಬಹುದು. ಆದರೆ ನಮ್ಮ ಊರಿನ ಹಳೆಯ ರೈಲು ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಅದನ್ನು ನಾವೇ ಓದಿ, ನೋಡಿ, ಅಳೆದು ಮಾಡಬೇಕು. ಹಾಗೆ ಮಾಡಲು ಹೊರಡುವವರಿಗೆ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿರುವ 1899ರ ಮಹಾರಾಣಿ ಸಲೂನಿಗಿಂತ ಒಳ್ಳೆಯ ಮಾದರಿ ಇನ್ನೊಂದಿಲ್ಲ ಎಂಬುದು ನಮ್ಮ ಅನಿಸಿಕೆ. ಆ ಗಾಡಿಯ ಅಳತೆ ತಿಳಿಯುವುದಕ್ಕೆ ಮೊದಲು, ಆ ಕಾಲದಲ್ಲಿ ಮೈಸೂರನ್ನು ಆಳಿದ ಮಹಾರಾಣಿಯವರ ಬದುಕನ್ನು ತಿಳಿಯೋಣ.

ಕಳಲೆಯ ಮನೆಮಗಳು

ವಾಣಿವಿಲಾಸ ಸನ್ನಿಧಾನ ಎಂದೇ ಪ್ರಸಿದ್ಧರಾದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ. ತಂದೆ ನರಸರಾಜ ಅರಸು. ನಂಜನಗೂಡಿನ ಬಳಿಯ ಕಳಲೆ ಅವರ ಮನೆತನದ ಊರು. ಕಳಲೆಯ ಅರಸರಿಗೂ ಮೈಸೂರಿನ ಒಡೆಯರಿಗೂ ತಲೆತಲಾಂತರದಿಂದ ಕೊಟ್ಟು ತರುವ ಸಂಬಂಧ. 1878ರಲ್ಲಿ ಅವರ ವಿವಾಹ ಹತ್ತನೆಯ ಚಾಮರಾಜೇಂದ್ರ ಒಡೆಯರೊಂದಿಗೆ ನೆರವೇರಿತು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1876-78ರ ಘೋರ ಬರಗಾಲದಿಂದ ನಾಡು ನಲುಗಿ ಹೋಗಿತ್ತು.

1881ರ ಮಾರ್ಚ್ 25ರಂದು ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಮೀಟರ್ ಗೇಜ್ ರೈಲು ಹಂತ ಹಂತವಾಗಿ ತೆರೆದದ್ದೂ 1881-82ರಲ್ಲೇ. ಹಳಿ ಸಂಸ್ಥಾನದ್ದು. ಆದರೆ 1886ರಿಂದ ಅದರ ಮೇಲೆ ಗಾಡಿ ಓಡಿಸುವ ಹೊಣೆ ಸದರ್ನ್ ಮರಾಠಾ ರೈಲ್ವೆ ಎಂಬ ಬ್ರಿಟಿಷ್ ಕಂಪನಿಗೆ ಹೋಯಿತು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಹಳಿ ಮುಟ್ಟಿತು. ಮಹಾರಾಣಿಯವರ ತವರಿನ ಸೀಮೆಗೂ ರೈಲು ಬಂದಂತಾಯಿತು.

ಇಪ್ಪತ್ತೆಂಟರ ವಯಸ್ಸಿಗೆ ರಾಜ್ಯಭಾರ

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ ತಗುಲಿ ಡಿಸೆಂಬರ್ 28ರಂದು ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದು ವರ್ಷ. ಮಹಾರಾಣಿಯವರಿಗೆ ಇಪ್ಪತ್ತೆಂಟು. ಮಡಿಲಲ್ಲಿ ಚಿಕ್ಕ ಚಿಕ್ಕ ಮಕ್ಕಳು. ಹಿರಿಯ ಮಗ ಕೃಷ್ಣರಾಜರಿಗೆ ಬರೀ ಹತ್ತು ವರ್ಷ. 1895ರ ಫೆಬ್ರವರಿ 1ರಂದು ಬಾಲಕ ಕೃಷ್ಣರಾಜರಿಗೆ ಪಟ್ಟವಾಯಿತು, ತಾಯಿ ರೀಜೆಂಟ್ ಆಗಿ ರಾಜ್ಯದ ಹೊಣೆ ಹೊತ್ತರು.

ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮನೆಯ ಮೂಲೆ ಸೇರಬೇಕಿದ್ದ ಕಾಲವದು. ಅರಮನೆಯಲ್ಲಿ ಗೋಷಾ ಪದ್ಧತಿ ಬೇರೆ. ಅಂಥ ಹೊತ್ತಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಆಡಳಿತ ಮಂಡಲಿಯ ಸಹಾಯದಿಂದ ಏಳು ವರ್ಷಕ್ಕೂ ಮೀರಿ ಅವರು ರಾಜ್ಯ ನಡೆಸಿದರು. ಅದೇನೂ ನೆಮ್ಮದಿಯ ಕಾಲವಲ್ಲ. 1897ರಲ್ಲಿ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಧೃತಿಗೆಡದೆ ಅದೇ ವರ್ಷ ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಒಪ್ಪಿಸಿದರು. ಇಂದು ದಸರೆಯಲ್ಲಿ ದೀಪಗಳಿಂದ ಝಗಮಗಿಸುವುದು ಅದೇ ಅರಮನೆ.

ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಅದು ಬಂದದ್ದು ಹುಬ್ಬಳ್ಳಿ-ಧಾರವಾಡದ ಕಡೆಯಿಂದ, ರೈಲಿನ ದಾರಿಯಲ್ಲಿ! ಜನರನ್ನೂ ಧಾನ್ಯವನ್ನೂ ತಂದ ಹಳಿಯೇ ಮಾರಿಯನ್ನೂ ತಂದಿತ್ತು. ಇಕ್ಕಟ್ಟಾದ ಪೇಟೆಗಳ ಹೊರಗೆ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದು ಈ ಹೊಡೆತದ ನಂತರವೇ.

ಅದೇ 1898ರಲ್ಲಿ ಹಿರಿಯೂರಿನ ಬಳಿ ವೇದಾವತಿ ನದಿಗೆ ಮಾರಿಕಣಿವೆ ಅಣೆಕಟ್ಟಿನ ಕೆಲಸ ಆರಂಭವಾಯಿತು. 1907ರಲ್ಲಿ ಮುಗಿದ ಆ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದೇ ಹೆಸರು. ಅವರ ಜೀವಿತಕಾಲದಲ್ಲಿ, 1933ರಲ್ಲಿ, ಕೋಡಿ ಬಿದ್ದ ಆ ಕೆರೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ ಎಂಬುದನ್ನು ಚಿತ್ರದುರ್ಗದ ಕಡೆಯ ನಮ್ಮ ಬಂಧುಗಳು ಮರೆತಿರಲಾರರು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಹೋಯಿತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ಇಂಧನದ ಉದ್ಯಮವನ್ನೇ ನಂಬಿ ಬದುಕುವ ಎನರ್ಜಿ ಕಾರಿಡಾರಿನವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ.

1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಮಗನಿಗೆ ಅವರು ಅಧಿಕಾರ ಒಪ್ಪಿಸಿದರು. ಆ ಮಗನೇ ನಾವೆಲ್ಲ ಪ್ರೀತಿಯಿಂದ ನೆನೆಯುವ ನಾಲ್ವಡಿ ಕೃಷ್ಣರಾಜ ಒಡೆಯರು. ತಾಯಿ 1934ರ ಜುಲೈ 7ರಂದು ತೀರಿಕೊಂಡರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ನಡುವೆಯೇ ಎಷ್ಟೋ ಮಂದಿ ಇದ್ದೀರಿ. ಅದು ಇವರ ಹೆಸರೇ.

ಸಲೂನನ್ನು ಓದುವುದು ಹೇಗೆ?

ಈಗ ಗಾಡಿಗೆ ಬರೋಣ. ಮೈಸೂರು ರೈಲು ನಿಲ್ದಾಣದ ಹತ್ತಿರ, ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯದ ಶ್ರೀರಂಗ ಮಂಟಪದಲ್ಲಿ ರಾಜಮನೆತನದ ಗಾಡಿಗಳಿವೆ. ಮಹಾರಾಣಿ ಸಲೂನಿನಲ್ಲಿ ಅಡುಗೆಮನೆ, ಊಟದ ಕೋಣೆ, ಶೌಚಗೃಹ ಎಲ್ಲವೂ ಉಂಟು. ನೋಡಿದವರು ಅಬ್ಬಾ, ಎಂಥ ವೈಭವ ಎನ್ನುತ್ತಾರೆ. ನಮಗೆ ಕಾಣುವುದು ಇನ್ನೊಂದು. ಗೋಷಾದಲ್ಲಿದ್ದ, ಮಡಿ ಹುಡಿಯ ಕಟ್ಟುಪಾಡಿನ ಅಂದಿನ ರಾಜಸ್ತ್ರೀಯರು ನಿಲ್ದಾಣದಲ್ಲಿ ಇಳಿದು ಉಪಾಹಾರ ಮಂದಿರಕ್ಕೆ ಹೋಗುವಂತಿರಲಿಲ್ಲ. ಪ್ರಯಾಣ ಮಾಡಬೇಕಾದರೆ ಮನೆಯೇ ಹಳಿಯ ಮೇಲೆ ಬರಬೇಕಿತ್ತು. ಆ ಅಡುಗೆಮನೆ, ಆ ಶೌಚಗೃಹ ಬರೀ ಶೋಕಿಯಲ್ಲ, ರಾಜ್ಯವನ್ನೇ ಆಳುತ್ತಿದ್ದ ಹೆಣ್ಣು ಹೊರಗೆ ಹೊರಡಲು ಬೇಕಾಗಿದ್ದ ಅನುಕೂಲ. ಪ್ಲೇಗಿನ ಮರುವರ್ಷದ, ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲದ ಗಾಡಿ ಅದು ಎಂಬುದನ್ನು ಮರೆಯಬಾರದು.

ಮಾದರಿ ಮಾಡುವವರು ಮೊದಲು ನಿರ್ಧರಿಸಬೇಕಾದದ್ದು ವರ್ಷವನ್ನು. 1899 ಎಂದರೆ ಓಡಿಸುತ್ತಿದ್ದದ್ದು ಸದರ್ನ್ ಮರಾಠಾ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1919ರಲ್ಲಿ ಬೆಂಗಳೂರು-ಮೈಸೂರು-ನಂಜನಗೂಡು ಮಾರ್ಗದ ಆಡಳಿತವನ್ನು ಸಂಸ್ಥಾನವೇ ವಹಿಸಿಕೊಂಡಿತು. 1951ರಲ್ಲಿ ಎಲ್ಲವೂ ದಕ್ಷಿಣ ರೈಲ್ವೆಯೊಳಗೆ ಸೇರಿತು. ಕಂಪನಿ ಬದಲಾದರೆ ಗಾಡಿಯ ಮೇಲಿನ ಅಕ್ಷರ, ಬಣ್ಣ, ಮುಂದಿನ ಎಂಜಿನ್ ಎಲ್ಲವನ್ನೂ ಮತ್ತೆ ವಿಚಾರಿಸಬೇಕು. 1899ರ ಸಲೂನಿನ ಮುಂದೆ 1930ರ ಎಂಜಿನ್ ಕಟ್ಟಿದರೆ ಚೆನ್ನಾಗಿಯೇ ಕಾಣಬಹುದು, ಆದರೆ ಆಗ ಅದು ಬೇರೆ ಕಾಲದ ರೈಲು.

ಎರಡನೆಯದು ಹಳಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಎಚ್.ಓ. ಮಾದರಿ 1:87ರ ಪ್ರಮಾಣದ್ದು, ಹಳಿಯ ಅಗಲ 16.5 ಮಿ.ಮೀ. ಅದು 1435 ಮಿ.ಮೀ. ಅಗಲದ ಅಮೆರಿಕಾ ಹಳಿಗೆ ಸರಿ. ಮೈಸೂರಿನದು ಮೀಟರ್ ಗೇಜ್, 1000 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ಸುಮಾರು 11.5 ಬರುತ್ತದೆ. ಆದ್ದರಿಂದ ಎಚ್.ಓ.ಎಂ. ಎಂದು ಕರೆಯುವ 12 ಮಿ.ಮೀ. ಹಳಿಯನ್ನೇ ಕೇಳಿ ತರಿಸಿಕೊಳ್ಳಿ. ಮದ್ರಾಸಿನಿಂದ ಬಂದ ರೈಲು ಬ್ರಾಡ್ ಗೇಜ್ ಆದ್ದರಿಂದ ಮೈಸೂರಿಗೆ ಹೋಗುವವರು ಬೆಂಗಳೂರಿನಲ್ಲಿ ಗಾಡಿ ಬದಲಿಸಬೇಕಿತ್ತು. ಜಾಗವಿದ್ದರೆ ಎರಡೂ ಹಳಿಗಳನ್ನು ಅಕ್ಕಪಕ್ಕ ಹಾಕಿ ತೋರಿಸಿದರೆ ಮಕ್ಕಳಿಗೆ ಒಂದು ಇತಿಹಾಸದ ಪಾಠವೇ ಆಗುತ್ತದೆ.

ಮೂರನೆಯದು ಕಣ್ಣಾರೆ ನೋಡುವುದು. ಊರಿಗೆ ಹೋದಾಗ ಮೃಗಾಲಯ, ಅರಮನೆಗಳ ಜೊತೆಗೆ ಈ ಸಂಗ್ರಹಾಲಯಕ್ಕೂ ಅರ್ಧ ದಿನ ಇಡಿ. ಕಿಟಕಿಗಳನ್ನು ಎಣಿಸಿ, ಎರಡೂ ಬದಿಯ ಚಿತ್ರ ತೆಗೆಯಿರಿ. ಬಾಗಿಲುಗಳು ಎಲ್ಲಿವೆ, ಮಾಡಿನ ಬಾಗು ಹೇಗಿದೆ, ಚಕ್ರಗಳ ನಡುವೆ ಎಷ್ಟು ಅಂತರ ಎಂದು ಬರೆದುಕೊಳ್ಳಿ. ಎರಡು ಬದಿಗಳು ಒಂದೇ ತರಹ ಇರುತ್ತವೆ ಎಂದು ಭಾವಿಸಬೇಡಿ, ಕೋಣೆಗಳು ಬೇರೆಯಾದಂತೆ ಕಿಟಕಿಗಳೂ ಬೇರೆಯಾಗುತ್ತವೆ.

ನಮ್ಮ ಎನರ್ಜಿ ಕಾರಿಡಾರಿನಲ್ಲೂ ಕೇಟಿ ಹೆದ್ದಾರಿಯ ಪಕ್ಕದಲ್ಲಿ ಹಿಂದೆ ಎಂ.ಕೆ.ಟಿ. ರೈಲು ಓಡುತ್ತಿತ್ತು. ಆ ಹಳಿ ಈಗಿಲ್ಲ, ಕೇಟಿಯ ಹಳೆಯ ನಿಲ್ದಾಣದ ಕಟ್ಟಡವನ್ನು ಮಾತ್ರ ಊರಿನವರು ಉಳಿಸಿಕೊಂಡಿದ್ದಾರೆ. ಬೆಂಗಳೂರು-ಮೈಸೂರು ನಡುವೆಯೂ ಇಂದು ಮೀಟರ್ ಗೇಜ್ ಇಲ್ಲ. ಹಳಿ ಹೋದ ಮೇಲೆ ಉಳಿಯುವುದು ಯಾರೋ ಜೋಪಾನ ಮಾಡಿದ ಒಂದು ಕಟ್ಟಡ, ಒಂದು ಗಾಡಿ ಅಷ್ಟೇ. ಅದರ ಪುಟ್ಟ ಪ್ರತಿರೂಪ ಟೆಕ್ಸಾಸಿನ ಒಂದು ಕನ್ನಡ ಮನೆಯಲ್ಲಿ ಓಡಲಿ. ಓಡಿಸುವ ಮಗುವಿಗೆ ಇದು ರಾಣಿಯ ರೈಲು ಎಂದಷ್ಟೇ ಹೇಳಿ ಬಿಡಬೇಡಿ. ಇಪ್ಪತ್ತೆಂಟಕ್ಕೆ ವಿಧವೆಯಾಗಿ, ಬೆಂಕಿ, ಪ್ಲೇಗುಗಳ ನಡುವೆ ನಾಡನ್ನು ಕಾಪಾಡಿ, ಮಗನ ಕೈಗೆ ಜೋಪಾನವಾಗಿ ಒಪ್ಪಿಸಿದ ತಾಯಿಯ ಕಾಲದ ರೈಲು ಎಂದು ಹೇಳಿ.

ಸಿರಿಗನ್ನಡಂ ಗೆಲ್ಗೆ!