ಮರದ ಬಿ.ಪಿ. ನೋಡಿದ ಪಾದ್ರಿ

ಮಾನೋಮೀಟರ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್. ಬಾಗಿದ ಗಾಜಿನ ಕೊಳವೆ, ಅದರೊಳಗೆ ಪಾದರಸ, ರೆಕಾರ್ಡ್ ಪುಸ್ತಕದಲ್ಲಿ ನಾಲ್ಕು ರೀಡಿಂಗು, ಒಂದು ಗ್ರಾಫು. ಸುಮಾರು 300 ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ಹಳ್ಳಿ ಪಾದ್ರಿ ಅಂಥದ್ದೇ ಕೊಳವೆಯನ್ನು ಕತ್ತರಿಸಿದ ದ್ರಾಕ್ಷಿ ಬಳ್ಳಿಯ ತುದಿಗೆ ಕಟ್ಟಿ, ಬೇರಿನಿಂದ ಮೇಲೆ ಬರೋ ರಸಕ್ಕೆ ಎಷ್ಟು ಒತ್ತಡ ಇದೆ ಅಂತ ಅಳೆದರು. ಅವರ ಹೆಸರು ಸ್ಟೀಫನ್ ಹೇಲ್ಸ್. ಮರಗಳ ಆರೈಕೆಯನ್ನೇ ವೃತ್ತಿ ಮಾಡಿಕೊಂಡ ಆರ್ಬರಿಸ್ಟುಗಳು ಮೊದಲ ಪಾಠವಾಗಿ ಕಲಿಯೋ ಎಷ್ಟೋ ಸಂಗತಿಗಳನ್ನು ತಕ್ಕಡಿ ಮತ್ತು ಅಳತೆಪಟ್ಟಿ ಹಿಡಿದು ಮೊದಲು ನೋಡಿದವರು ಇವರೇ. ಬಾಟನಿ ನಮಗೆ ಪಿಯುಸಿಗೇ ಮುಗೀತು ಅನ್ನೋರು ಸ್ವಲ್ಪ ತಾಳಿ. ಇದರಲ್ಲಿ ಬಾಟನಿಗಿಂತ ನಮ್ಮ ವಿಷಯವೇ ಜಾಸ್ತಿ ಇದೆ.

ಹೇಲ್ಸ್ ಹುಟ್ಟಿದ್ದು 1677ರ ಸೆಪ್ಟೆಂಬರ್‌ನಲ್ಲಿ, ಕೆಂಟ್ ಪ್ರಾಂತ್ಯದಲ್ಲಿ. 1696ರಲ್ಲಿ ಕೇಂಬ್ರಿಜ್ ಸೇರಿದರು, ಓದಿದ್ದು ದೇವರ ಕೆಲಸಕ್ಕೆ. ಅದೇ ವರ್ಷ ನ್ಯೂಟನ್ ಕೇಂಬ್ರಿಜ್ ಬಿಟ್ಟು ಲಂಡನ್ನಿನ ಟಂಕಸಾಲೆಗೆ ಹೋದರು. ಮನುಷ್ಯ ಹೋದರೂ ಅವರ ಗಾಳಿ ಅಲ್ಲೇ ಇತ್ತು. ಪ್ರಕೃತಿಯಲ್ಲಿ ಏನೇ ಇದ್ದರೂ ಅಳೆಯಬೇಕು, ತೂಗಬೇಕು, ಲೆಕ್ಕ ಹಾಕಬೇಕು ಅನ್ನೋ ಹುಚ್ಚು. ಹೇಲ್ಸ್ ಮತ್ತು ಅವರಿಗಿಂತ ಚಿಕ್ಕವನಾದ ಗೆಳೆಯ ವಿಲಿಯಂ ಸ್ಟುಕ್ಲಿ ಇಬ್ಬರೂ ಸುತ್ತಲಿನ ಹೊಲಗದ್ದೆ ಅಲೆದು ಗಿಡ ಗುರುತಿಸೋದು, ಕಾಲೇಜು ಕೋಣೆಯಲ್ಲಿ ಪ್ರಾಣಿಗಳನ್ನು ಕೊಯ್ದು ನೋಡೋದು, ಗ್ರಹಗಳ ಚಲನೆ ತೋರಿಸೋ ಹಿತ್ತಾಳೆ ಯಂತ್ರ ಮಾಡೋದು, ಹೀಗೆ ಕಾಲ ಕಳೆದರು. ಇವತ್ತಾಗಿದ್ದರೆ ಟೆಕ್ನಿಕಲ್ ಕ್ಲಬ್ಬಿನಲ್ಲಿ ಬಿದ್ದುಕೊಂಡಿರೋ ಜೋಡಿ ಅಂತಿದ್ವಿ.

1709ರಲ್ಲಿ ಥೇಮ್ಸ್ ದಡದ ಟೆಡಿಂಗ್ಟನ್ ಅನ್ನೋ ಹಳ್ಳಿಗೆ ಪಾದ್ರಿಯಾಗಿ ಬಂದರು. ಅಲ್ಲಿಂದ ಸಾಯೋವರೆಗೂ, ಅಂದ್ರೆ 50 ವರ್ಷಕ್ಕೂ ಮೇಲೆ, ಅದೇ ಊರು. 1720ರಲ್ಲಿ ಮದುವೆಯಾದರು, ಮರುವರ್ಷವೇ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ, ಮತ್ತೆ ಮದುವೆಯಾಗಲೂ ಇಲ್ಲ. ಚರ್ಚಿನ ಕೆಲಸ, ಮನೆಯ ತೋಟ, ತಕ್ಕಡಿ, ಗಾಜಿನ ಕೊಳವೆ, ಇಷ್ಟೇ ಸಂಸಾರ.

ದ್ರಾಕ್ಷಿಯ ಕಥೆ ಶುರುವಾಗಿದ್ದು ಆಕಸ್ಮಿಕವಾಗಿ. ಬಳ್ಳಿಯೊಂದನ್ನು ಹೊತ್ತಲ್ಲದ ಹೊತ್ತಿನಲ್ಲಿ, ಚಿಗುರೊಡೆಯೋ ಕಾಲಕ್ಕೆ ತೀರಾ ಹತ್ತಿರದಲ್ಲಿ ಸವರಿದ್ದರು. ಕತ್ತರಿಸಿದ ಜಾಗದಿಂದ ರಸ ಸುರಿಯೋಕೆ ಶುರುವಾಯ್ತು, ನಿಲ್ಲಲೇ ಇಲ್ಲ. ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬೆಳೆಯೋರು ಚಾಟನಿ ಮಾಡಿದ ಮೇಲೆ ಕಡ್ಡಿಯ ತುದಿಯಲ್ಲಿ ತೊಟ್ಟಿಕ್ಕೋ ನೀರು ನೋಡೇ ಇರ್ತಾರೆ, ಅದೇ ಇದು. ಬಳ್ಳಿ ಸತ್ತೇ ಹೋಗುತ್ತೇನೋ ಅಂತ ಹೇಲ್ಸ್‌ಗೆ ಹೆದರಿಕೆ. ಏನೇನೋ ಮಾಡಿ ನೋಡಿದರು, ಕೊನೆಗೆ ಪ್ರಾಣಿಯ ಮೂತ್ರಕೋಶದ ಪೊರೆಯೊಂದನ್ನು ಗಾಯದ ಮೇಲೆ ಬಿಗಿಯಾಗಿ ಕಟ್ಟಿದರು. ಪೊರೆ ಬಲೂನಿನ ಹಾಗೆ ಉಬ್ಬಿತು. ಬೇರೆಯವರಾಗಿದ್ದರೆ ಇನ್ನೊಂದು ಸುತ್ತು ದಾರ ಬಿಗಿದು ಸುಮ್ಮನಾಗ್ತಿದ್ರು. ಹೇಲ್ಸ್‌ಗೆ ಹೊಳೆದದ್ದು, ಇಲ್ಲಿ ಒತ್ತಡ ಇದೆ, ಒತ್ತಡ ಇದ್ದರೆ ಅಳೆಯಬಹುದು ಅನ್ನೋದು. ಪಾದರಸದ ಕೊಳವೆ ಕಟ್ಟಿದಾಗ ಒಂದು ಬಳ್ಳಿಯಲ್ಲಿ ಪಾದರಸ 38 ಇಂಚು ಏರಿತು. ನೀರಿನ ಲೆಕ್ಕದಲ್ಲಿ ಅದು ಸುಮಾರು 43 ಅಡಿ, ಅಂದ್ರೆ 13 ಮೀಟರ್. ಒಂದು ವಾಯುಮಂಡಲದ ಒತ್ತಡಕ್ಕಿಂತಲೂ ಜಾಸ್ತಿ, ಅದೂ ಹೃದಯವೂ ಇಲ್ಲದ, ಪಂಪೂ ಇಲ್ಲದ ಒಂದು ಬಳ್ಳಿಯಲ್ಲಿ.

ಅದಕ್ಕೂ ಮೊದಲೇ ಹೇಲ್ಸ್ ಪ್ರಾಣಿಗಳ ರಕ್ತದ ಒತ್ತಡ ಅಳೆಯೋ ಕೆಲಸಕ್ಕೆ ಕೈಹಾಕಿದ್ದರು. ಜೀವಂತ ಹೆಣ್ಣು ಕುದುರೆಯ ತೊಡೆಯ ಅಪಧಮನಿಗೆ ಹಿತ್ತಾಳೆ ನಳಿಕೆ ಸಿಕ್ಕಿಸಿ, ಅದಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿ 3 ಇಂಚು ಎತ್ತರಕ್ಕೆ ಏರಿತ್ತು. ರಕ್ತದೊತ್ತಡದ ಮೊದಲ ಅಳತೆ ಅಂತ ಇವತ್ತಿಗೂ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಬರೋದು ಇದೇ. ದ್ರಾಕ್ಷಿ ಬಳ್ಳಿಯ ರಸದ ಒತ್ತಡ ಕುದುರೆ ರಕ್ತದ ಐದು ಪಟ್ಟು ಅಂತ ಅವರೇ ಹೋಲಿಸಿದರು. ಆದರೆ ಆ ಕುದುರೆಗಳು, ನಾಯಿಗಳು ಬದುಕಲಿಲ್ಲ. ಅರಿವಳಿಕೆ ಅನ್ನೋದೇ ಇಲ್ಲದ ಕಾಲ. ಪಕ್ಕದೂರಿನ ಕವಿ ಅಲೆಕ್ಸಾಂಡರ್ ಪೋಪ್, ಹೇಲ್ಸ್ ಒಳ್ಳೇ ಮನುಷ್ಯ ಅಂತ ಒಪ್ಪಿಕೊಳ್ತಿದ್ದರೂ ಈ ಕೆಲಸವನ್ನು ಮಾತ್ರ ಒಪ್ಪಲಿಲ್ಲ. ಹಾಗಂತ ಸ್ನೇಹ ಕೆಡಲಿಲ್ಲ, ಪೋಪ್‌ನ ಉಯಿಲಿಗೆ ಸಾಕ್ಷಿ ಹಾಕಿದವರಲ್ಲಿ ಹೇಲ್ಸ್ ಒಬ್ಬರು. ನಮಗನ್ನಿಸೋದು, ಪೋಪ್ ಹೇಳಿದ್ದರಲ್ಲಿ ತಪ್ಪಿಲ್ಲ. ಹೇಲ್ಸ್ ಕೂಡ ಕೆಲವು ವರ್ಷ ಆ ಪ್ರಯೋಗಗಳನ್ನು ಬದಿಗಿಟ್ಟು ಗಿಡಗಳ ಕಡೆ ತಿರುಗಿದ್ದರು.

ಈಗ ಸೂರ್ಯಕಾಂತಿಗೆ ಬರೋಣ. ನಮಗೆ ಅತಿ ಇಷ್ಟವಾದ ಪ್ರಯೋಗ ಇದು. 1724ರ ಜುಲೈನಲ್ಲಿ ಕುಂಡದಲ್ಲಿ ಬೆಳೆದ ಮೂರೂವರೆ ಅಡಿ ಎತ್ತರದ ಒಂದು ಸೂರ್ಯಕಾಂತಿ ಗಿಡ ತಗೊಂಡರು. ಕುಂಡದ ಬಾಯಿಗೆ ಸೀಸದ ತೆಳು ತಗಡು ಮುಚ್ಚಿ ಸಂದುಗಳಿಗೆ ಮೆತ್ತಿದರು, ಮಣ್ಣಿನಿಂದ ನೀರು ನೇರವಾಗಿ ಆವಿಯಾಗಿ ಹೋಗಬಾರದಲ್ಲ. ನೀರು ಹಾಕೋಕೆ ಒಂದು ಚಿಕ್ಕ ತೂತು, ಗಾಳಿಗೆ ಒಂದು ಗಾಜಿನ ಕೊಳವೆ. ಆಮೇಲೆ ಆಗಸ್ಟ್‌ವರೆಗೆ, ಬೆಳಿಗ್ಗೆ ಸಂಜೆ ತೂಗಿದ್ದೇ ತೂಗಿದ್ದು. ಹಗಲಿನ 12 ಗಂಟೆಯಲ್ಲಿ ಗಿಡ ಸರಾಸರಿ 20 ಔನ್ಸ್, ಅಂದ್ರೆ ಅರ್ಧ ಲೀಟರಿಗಿಂತ ಜಾಸ್ತಿ ನೀರನ್ನು ಎಲೆಗಳಿಂದ ಹೊರಗೆ ಬಿಡ್ತಿತ್ತು. ಬಿಸಿಲು ಜೋರಿದ್ದ ದಿನ 30 ಔನ್ಸ್. ಬೆಚ್ಚಗಿನ ಒಣ ರಾತ್ರಿ ಬರೀ 3 ಔನ್ಸ್. ಇಬ್ಬನಿ ಬಿದ್ದ ರಾತ್ರಿ ಏನೂ ಇಲ್ಲ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಮನುಷ್ಯ ಬೆವರೋದಕ್ಕಿಂತ 17 ಪಟ್ಟು.

ಅಷ್ಟಕ್ಕೆ ಬಿಡಲಿಲ್ಲ. ದಾರದ ಚೌಕಳಿ ಬಲೆ ಮಾಡಿ ಎಲೆಗಳ ಮೇಲಿಟ್ಟು ವಿಸ್ತೀರ್ಣ ಲೆಕ್ಕ ಹಾಕಿದರು: 5616 ಚದರ ಇಂಚು, ಅಂದ್ರೆ 39 ಚದರ ಅಡಿ. ಬೇರುಗಳನ್ನೂ ಅಳೆದರು. ಒಟ್ಟು ಉದ್ದ 1448 ಅಡಿ, ಮೈ ವಿಸ್ತೀರ್ಣ 2286 ಚದರ ಇಂಚು. ನಡುವಿನ ಕಾಂಡ ಕತ್ತರಿಸಿದರೆ ಅಡ್ಡಕೊಯ್ತ ಬರೀ 1 ಚದರ ಇಂಚು. ಈಗ ಕಂಟಿನ್ಯೂಯಿಟಿ ಈಕ್ವೇಶನ್ ನೆನಪು ಮಾಡಿಕೊಳ್ಳಿ. ಅದೇ 34 ಘನ ಇಂಚು ನೀರು ಬೇರಿನ ಮೂಲಕ ಒಳಗೆ ಬರಬೇಕು, ಕಾಂಡ ದಾಟಬೇಕು, ಎಲೆಯಿಂದ ಹೊರಗೆ ಹೋಗಬೇಕು. ಹಾಗಾದ್ರೆ 12 ಗಂಟೆಯಲ್ಲಿ ಬೇರಿನ ಮೈಯಲ್ಲಿ ನೀರು ಸಾಗೋದು ಒಂದಿಂಚಿನ 67ನೇ ಒಂದು ಭಾಗ, ಎಲೆಯಲ್ಲಿ 165ನೇ ಒಂದು ಭಾಗ, ಕಾಂಡದಲ್ಲಿ 34 ಇಂಚು. ಕಾಂಡ ಖಾಲಿ ಪೈಪಲ್ಲ, ಒಳಗೆ ಗಟ್ಟಿ ಪದಾರ್ಥ ಇದೆ, ಆದ್ದರಿಂದ ನಿಜವಾದ ವೇಗ ಇನ್ನೂ ಹೆಚ್ಚಿರಬೇಕು ಅನ್ನೋದೂ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಎಷ್ಟು ಜನ ಲ್ಯಾಬ್ ರೆಕಾರ್ಡಿನಲ್ಲಿ ಅಂಥ ತಿದ್ದುಪಡಿ ಬರೀತೀವಿ, ಕೇಳಬೇಡಿ.

ದೊಡ್ಡ ಮರವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡೋರು ಈ ಲೆಕ್ಕವನ್ನೇ ತಲೆಯಲ್ಲಿ ಇಟ್ಟುಕೊಂಡಿರಬೇಕು. ಕೀಳುವಾಗ ನೀರು ಹೀರೋ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಹಳೇ ಗುಂಡಿಯಲ್ಲೇ ಉಳಿದುಹೋಗ್ತವೆ. ಎಲೆಗಳ ಖರ್ಚು ಮಾತ್ರ ಹಾಗೇ ಇರುತ್ತೆ. ಆದಾಯ ನಿಂತು ಖರ್ಚು ನಿಲ್ಲದ ಮನೆಯ ಹಾಗೆ. ಬುಡದವರೆಗೂ ಕಾಂಕ್ರೀಟ್ ಹಾಕಿಸಿಕೊಂಡ ರಸ್ತೆ ಬದಿ ಮರಗಳದ್ದೂ ಹೆಚ್ಚುಕಡಿಮೆ ಅದೇ ಪಾಡು. ನೀರೂ ಇಳಿಯಲ್ಲ, ಬೇರಿಗೆ ಗಾಳಿಯೂ ಸಿಗಲ್ಲ.

ರಸವನ್ನು ಮೇಲೆ ಎತ್ತೋದು ಯಾವುದು? ಬೇರಿನ ಒತ್ತಡವೇ ಅಂತ ಹೇಲ್ಸ್ ಹೇಳಿಬಿಡಬಹುದಿತ್ತು, ಕೈಯಲ್ಲಿ 43 ಅಡಿಯ ಪುರಾವೆ ಇತ್ತು. ಆದರೆ ಬಳ್ಳಿಯಲ್ಲಿ ಎಲೆ ತುಂಬಿಕೊಂಡ ಮೇಲೆ ಆ ಒತ್ತಡ ಕಾಣೋದೇ ಇಲ್ಲ ಅನ್ನೋದನ್ನೂ ಅವರು ಗಮನಿಸಿದ್ದರು. ಹಾಗೇ, ಎಲೆ ಇರೋ ಕೊಂಬೆಗಳನ್ನು ಕತ್ತರಿಸಿ ನೀರಲ್ಲಿಟ್ಟರೆ ದಿನಕ್ಕೆ 15ರಿಂದ 30 ಔನ್ಸ್ ಹೀರುತ್ತಿದ್ದವು, ಎಲೆ ಕಿತ್ತ ಕೊಂಬೆ ಒಂದು ಔನ್ಸ್ ಅಷ್ಟೇ. ಬೇರೇ ಇಲ್ಲದ ಕೊಂಬೆ ಇಷ್ಟು ಹೀರುತ್ತೆ ಅಂದ್ರೆ ಎಳೆಯೋದು ಎಲೆ. ಇದರ ಪೂರ್ತಿ ವಿವರಣೆ ಬರೋಕೆ 1890ರ ದಶಕದವರೆಗೆ ಕಾಯಬೇಕಾಯ್ತು. ಎಲೆಯಿಂದ ನೀರು ಆವಿಯಾದಾಗ ಹಿಂದಿನ ನೀರು ಎಳೆಯಲ್ಪಡುತ್ತೆ, ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದುಕೊಳ್ಳೋದರಿಂದ ಸಣ್ಣ ನಾಳದೊಳಗಿನ ನೀರಿನ ಎಳೆ ತುಂಡಾಗಲ್ಲ ಅಂತ ಡಬ್ಲಿನ್‌ನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ತೋರಿಸಿದರು. ಸಕ್ಷನ್ ಪಂಪ್ 10 ಮೀಟರಿಗೆ ಕೈ ಚೆಲ್ಲುತ್ತೆ, ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರ 100 ಮೀಟರ್ ದಾಟುತ್ತೆ. ಗುಟ್ಟು ಇಷ್ಟೇ.

ಆ ಕಾಲದ ದೊಡ್ಡ ಜಗಳ ಬೇರೆ ಇತ್ತು. ವಿಲಿಯಂ ಹಾರ್ವೆ 1628ರಲ್ಲಿ ರಕ್ತ ದೇಹದಲ್ಲಿ ಸುತ್ತುತ್ತೆ ಅಂತ ತೋರಿಸಿದ ಮೇಲೆ, ಮರದ ರಸವೂ ಹಾಗೇ ಸುತ್ತುತ್ತಾ ಅಂತ ಎಲ್ಲರಿಗೂ ಕುತೂಹಲ. ಹೇಲ್ಸ್ ಇಲ್ಲ ಅಂದರು. ಅದಕ್ಕೆ ಮಾಡಿದ ಪ್ರಯೋಗಗಳು ಒಂದಕ್ಕಿಂತ ಒಂದು ಚೆನ್ನಾಗಿವೆ. ಓಕ್ ಕೊಂಬೆಯೊಂದರಲ್ಲಿ ನಾಲ್ಕು ದಿಕ್ಕಿನಿಂದಲೂ, ಒಂದರ ಮೇಲೊಂದು ಬರೋ ಹಾಗೆ, ನಡುವಿನವರೆಗೆ ಕಚ್ಚು ಹಾಕಿದರು. ನೇರ ದಾರಿ ಎಲ್ಲೂ ಉಳಿದಿಲ್ಲ, ಆದರೂ ನೀರು ಅಡ್ಡಡ್ಡ ಹಾದು ಮೇಲೆ ಹೋಯ್ತು. ಇನ್ನೊಂದರಲ್ಲಿ ಮೂರು ಮರಗಳನ್ನು ಒಂದಕ್ಕೊಂದು ಕಸಿ ಕಟ್ಟಿ, ಕೂಡಿಕೊಂಡ ಮೇಲೆ ನಡುವಿನದನ್ನು ಬುಡಸಮೇತ ಮಣ್ಣಿನಿಂದ ಬಿಡಿಸಿದರು. ಅದು ಅಂತರದಲ್ಲಿ ನೇತಾಡುತ್ತಾ, ಅಕ್ಕಪಕ್ಕದವರ ರಸ ಕುಡಿದು ಬದುಕಿತು. ನಡು ಟೊಳ್ಳಾದ ಹುಣಸೆ ಮರ ವರ್ಷವರ್ಷ ಕಾಯಿ ಬಿಡೋದು ನೋಡಿದವರಿಗೆ ಇದು ಅಚ್ಚರಿಯಲ್ಲ. ನೀರು ಹರಿಯೋದು ಹೊರಗಿನ ಹೊಸ ಕಟ್ಟಿಗೆಯಲ್ಲಿ, ನಡುವಿನ ತಿರುಳು ಕಟ್ಟಿಗೆ ಕಂಬದ ಕೆಲಸ ಮಾಡುತ್ತೆ ಅಷ್ಟೇ.

ಇನ್ನೊಂದು ಪ್ರಯೋಗದಲ್ಲಿ ಉತ್ತರ ಕಣ್ಣ ಮುಂದೇ ಇತ್ತು. ಪೇರು ಗಿಡದ ಕೊಂಬೆಯಲ್ಲಿ ಅರ್ಧರ್ಧ ಇಂಚಿನ ತೊಗಟೆಯ ಉಂಗುರಗಳನ್ನು ಕಿತ್ತು, ನಡುನಡುವೆ ತೊಗಟೆಯ ಬಳೆಗಳನ್ನು ಉಳಿಸಿದರು. ಎಲೆ ಬಿಡೋ ಮೊಗ್ಗಿದ್ದ ಬಳೆಗಳು ಕೆಳ ಅಂಚಿನಲ್ಲಿ ಊದಿಕೊಂಡು ಬೆಳೆದವು. ಮೊಗ್ಗಿಲ್ಲದ ಬಳೆ ಬೆಳೆಯಲೇ ಇಲ್ಲ. ಇವತ್ತು ನಮಗೆ ಕಾರಣ ಗೊತ್ತು. ಎಲೆ ತಯಾರಿಸಿದ ಸಕ್ಕರೆ ತೊಗಟೆಯ ಒಳಪದರದ ಮೂಲಕ, ಫ್ಲೋಯಂ ಅಂತೀವಲ್ಲ ಅದರ ಮೂಲಕ, ಕೆಳಗೆ ಇಳೀತಿತ್ತು. ದಾರಿ ಕಡಿದ ಜಾಗದಲ್ಲಿ ತಡೆದು ನಿಂತಿತು. ಹೇಲ್ಸ್ ಮಾತ್ರ ಇದನ್ನು ಮೊಗ್ಗಿನ ಆಕರ್ಷಣೆ ಅಂತ ಓದಿದರು. ನ್ಯೂಟನ್ನಿನ ಗಾಳಿ ಅಂದ್ವಲ್ಲ, ಎಲ್ಲೆಲ್ಲೂ ಆಕರ್ಷಣೆಯೇ ಕಾಣೋದು ಅದರ ಇನ್ನೊಂದು ಮುಖ. ಸುತ್ತೋದು ಇಲ್ಲ ಅಂತ ಸಾಧಿಸೋ ಭರದಲ್ಲಿ ಇಳಿಯೋ ದಾರಿಯೇ ತಪ್ಪಿಹೋಯ್ತು.

ಆ ಉಂಗುರದ ಪ್ರಯೋಗವನ್ನು ನಮ್ಮ ಜನ ಗೊತ್ತಿಲ್ಲದೇ ದಿನಾ ಮಾಡ್ತಾರೆ. ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟಿದ ತಂತಿ, ಬ್ಯಾನರ್ ಹಗ್ಗ, ಬೇಲಿ ಸರಿಗೆ, ಯಾವುದನ್ನೂ ಬಿಚ್ಚಲ್ಲ. ಮರ ದಪ್ಪ ಆಗ್ತಾ ಆಗ್ತಾ ತಂತಿ ತೊಗಟೆಯೊಳಗೆ ಕೂರುತ್ತೆ. ಮೇಲ್ಭಾಗ ಊದಿಕೊಳ್ಳುತ್ತೆ, ಕೆಳಗೆ ಬೇರು ಹಸಿವಿನಿಂದ ಸೊರಗುತ್ತೆ. ಎಲೆ ಹಸಿರಾಗೇ ಇರೋದರಿಂದ ಸುಮಾರು ದಿನ ಯಾರಿಗೂ ಗೊತ್ತಾಗಲ್ಲ. (ತೆಂಗು, ಅಡಿಕೆಯ ಲೆಕ್ಕ ಬೇರೆ. ಅವುಗಳಲ್ಲಿ ನಾಳಗಳು ಕಾಂಡದ ತುಂಬ ಚದುರಿರುತ್ತವೆ, ಹೀಗೆ ಸುತ್ತ ಪದರ ಇರಲ್ಲ.)

ಇದೆಲ್ಲ ಸೇರಿ 1727ರಲ್ಲಿ ವೆಜಿಟೆಬಲ್ ಸ್ಟ್ಯಾಟಿಕ್ಸ್ ಅನ್ನೋ ಪುಸ್ತಕವಾಯ್ತು. ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ ಅದರ ಅಚ್ಚಿಗೆ ಅನುಮತಿ ಕೊಟ್ಟು ಸಹಿ ಹಾಕಿದವರು ಸ್ವತಃ ನ್ಯೂಟನ್, ತಾವು ಸಾಯೋದಕ್ಕೆ ತಿಂಗಳ ಮುಂಚೆ. ಅದರ ಒಂದು ದೊಡ್ಡ ಅಧ್ಯಾಯ ಗಾಳಿಯ ಮೇಲೆ. ಕಟ್ಟಿಗೆ, ಕಾಳು, ಕಲ್ಲು ಎಲ್ಲವನ್ನೂ ಕಾಯಿಸಿ ಹೊರಬಂದ ಅನಿಲವನ್ನು ನೀರಿನ ಮೇಲೆ ಹಿಡಿದರು. ಎಲೆಗಳು ಗಾಳಿಯಿಂದಲೂ ಆಹಾರ ತಗೊಳ್ತಿರಬಹುದು ಅಂತ ಊಹಿಸಿದರು. ಪ್ರೀಸ್ಟ್ಲಿ, ಲವಾಸಿಯೇ ಇಬ್ಬರೂ ಈ ಪುಸ್ತಕ ಓದಿ ಮುಂದೆ ಹೋದವರು.

ಮುಂದಿನ ವರ್ಷಗಳಲ್ಲಿ ಹೇಲ್ಸ್ ಪೂರ್ತಿ ನಮ್ಮ ಕಡೆಯವರಾದರು, ಇಂಜಿನಿಯರ್ ಅಂದ್ರೂ ನಡೆಯುತ್ತೆ. ಹಡಗಿನ ತಳದಲ್ಲಿ, ಜೈಲುಗಳಲ್ಲಿ ಜನ ಕೆಟ್ಟ ಗಾಳಿಯಲ್ಲಿ ಸಾಯೋದು ನೋಡಿ ದೊಡ್ಡ ತಿದಿಗಳಿಂದ ಗಾಳಿ ಬದಲಿಸೋ ವೆಂಟಿಲೇಟರ್ ಮಾಡಿದರು. ಲಂಡನ್ನಿನ ನ್ಯೂಗೇಟ್ ಜೈಲಿನದಕ್ಕೆ ಚಾವಣಿಯ ಮೇಲೆ ಗಾಳಿಯಂತ್ರವೇ ಇತ್ತು. ಜಿನ್ ಕುಡಿತದ ವಿರುದ್ಧ ಬರೆದರು. ಟೆಡಿಂಗ್ಟನ್‌ಗೆ ಒಳ್ಳೆಯ ನೀರು ತರಿಸಿ, ಹರಿವು ಎಷ್ಟಿದೆ ಅಂತ ಚರ್ಚಿನ ದಫ್ತರದಲ್ಲೇ ಬರೆದಿಟ್ಟರು: ಸೆಕೆಂಡಿನ ಲೋಲಕ ಮೂರು ಸಲ ತೂಗೋದರೊಳಗೆ ಎರಡು ಕ್ವಾರ್ಟಿನ ಪಾತ್ರೆ ತುಂಬುತ್ತೆ, ಲೋಲಕದ ಉದ್ದ ಮೊಳೆಯಿಂದ ಗುಂಡಿನ ನಡುವಿನವರೆಗೆ 39.2 ಇಂಚು. ಮದುವೆ, ಸಾವುಗಳನ್ನು ಬರೆಯೋ ಪುಸ್ತಕದಲ್ಲಿ ಫ್ಲೋ ರೇಟ್!

ರಾಜಕುಮಾರಿ ಅಗಸ್ಟಾಗೆ ಕ್ಯೂ ತೋಟದ ವಿಷಯದಲ್ಲಿ ಸಲಹೆ ಕೊಡ್ತಿದ್ದರು. 1759ರಲ್ಲಿ, ಅವರು ಬದುಕಿದ್ದಾಗಲೇ, ಉತ್ತರ ಅಮೆರಿಕದ ಒಂದು ಸಣ್ಣ ಮರದ ಕುಲಕ್ಕೆ ಹಲೀಷಿಯಾ ಅಂತ ಅವರ ಹೆಸರಿಟ್ಟರು. ವಸಂತದಲ್ಲಿ ಗಂಟೆಯಾಕಾರದ ಬಿಳಿ ಹೂಗಳು ಸಾಲಾಗಿ ತೂಗುಬೀಳೋ ಮರ. 1761ರ ಜನವರಿ 4ರಂದು, 83ನೇ ವಯಸ್ಸಿನಲ್ಲಿ, ಹೇಲ್ಸ್ ಟೆಡಿಂಗ್ಟನ್‌ನಲ್ಲೇ ತೀರಿಕೊಂಡರು. ರಾಜಕುಮಾರಿ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಸ್ಮಾರಕ ಮಾಡಿಸಿದಳು. ಅವರನ್ನು ಹೂಳಿದ್ದು ಮಾತ್ರ ಅಲ್ಲಲ್ಲ, ತಮ್ಮ ಹಳ್ಳಿ ಚರ್ಚಿನ ಗೋಪುರದ ಕೆಳಗೆ.