ನೀರ್ ಸಾಬರು ಮತ್ತು ನಮ್ಮ ಗ್ರಾಮಸಭೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಕೇಳಿದಾಗ ನನಗೆ ಮೊದಲು ನೆನಪಾದವರು ನನಗೆ ಪಾಠ ಹೇಳಿದ ಗುರುಗಳು. ಆದರೆ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಸಹಪಾಠಿಗಳು ಇದ್ದಾರೆ. ನಾನು ಇಲ್ಲಿ ಓದಿ, ಮುಂದೆ ಪಂಚಾಯಿತಿ ಕಾರ್ಯದರ್ಶಿಯಾಗಿ ಹಲವು ಊರುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ನಮ್ಮ ಹಳ್ಳಿಗಳ ಪಂಚಾಯಿತಿಗೆ ಜೀವ ಕೊಟ್ಟ ಒಬ್ಬ ಹಿರಿಯರ ವಿಷಯ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ ಎಂದುಕೊಂಡೆ. ಅವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು. ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು.

ನಮ್ಮ ಸೀಮೆಯ ಹಿರಿಯರಿಗೆ ಸರ್ಕಾರ ಎಂದರೆ ಯಾವಾಗಲೂ ದೂರದ ವಸ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಸೇರಿತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಭಾಷೆ ಬದಲಾಯಿತು, ಕಚೇರಿ ಬದಲಾಯಿತು, ಆದರೆ ಹಳ್ಳಿಯವನು ಅರ್ಜಿ ಹಿಡಿದುಕೊಂಡು ಬಸ್ಸು ಹತ್ತುವುದು ಮಾತ್ರ ಬದಲಾಗಲಿಲ್ಲ. ಬಾವಿ ಬತ್ತಿದರೂ, ಪಡಿತರ ಬಾರದಿದ್ದರೂ, ಶಾಲೆಗೆ ಮೇಷ್ಟ್ರು ಬಾರದಿದ್ದರೂ ಕೇಳುವುದಕ್ಕೆ ಪಟ್ಟಣಕ್ಕೇ ಹೋಗಬೇಕು. ಹೋದರೂ ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಎಂಬ ಉತ್ತರ. ನಮ್ಮ ತಂದೆಯ ಕಾಲ ಹೀಗೇ ಕಳೆಯಿತು.

ಈ ದಾರಿಯನ್ನು ತಿರುಗಿಸಿ, ಜನ ಕಚೇರಿಗೆ ಹೋಗುವ ಬದಲು ಕಚೇರಿಯವರು ಊರಿಗೆ ಬಂದು ಲೆಕ್ಕ ಒಪ್ಪಿಸಬೇಕು ಎಂಬ ವಿಚಾರಕ್ಕೆ ಕಾನೂನಿನ ಬಲ ಕೊಡಿಸಿದವರಲ್ಲಿ ನಜೀರ್ ಸಾಬರು ಮುಖ್ಯರು.

ಗುಂಡ್ಲುಪೇಟೆಯೂ ನಮ್ಮ ಸೀಮೆಯ ಹಾಗೆಯೇ ಮಳೆ ನಂಬಿ ಬದುಕುವ ಊರು. ಒಂದು ಮಳೆ ಕೈಕೊಟ್ಟರೆ ಹೊಲ ಒಣಗುತ್ತದೆ, ಎರಡು ಮಳೆ ಕೈಕೊಟ್ಟರೆ ಬಾವಿ ಒಣಗುತ್ತದೆ. ಅಂಥ ಕಡೆಯಿಂದ ಬಂದವರಿಗೆ ನೀರಿನ ಕಷ್ಟವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಆ ಸರ್ಕಾರದಲ್ಲಿ ನಜೀರ್ ಸಾಬರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ಮಂತ್ರಿಮಂಡಲದಲ್ಲಿ ಕಂದಾಯ, ಲೋಕೋಪಯೋಗಿಯಂಥ ಖಾತೆಗಳಿಗೆ ಇರುವ ಗತ್ತು ಈ ಖಾತೆಗೆ ಆಗ ಇರಲಿಲ್ಲ. ಅದಕ್ಕೆ ತೂಕ ತಂದವರೇ ಅವರು.

ಆ ವರ್ಷಗಳಲ್ಲಿ ರಾಜ್ಯಕ್ಕೆ ಬರ ಮೇಲಿಂದ ಮೇಲೆ ಬಡಿಯಿತು. ಹೆಂಗಸರು ನಸುಕಿನಲ್ಲೇ ಎದ್ದು ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಕಾಲ. ನಮ್ಮ ಅವ್ವ ಒಂದು ಬಿಂದಿಗೆ ತಲೆಯ ಮೇಲೆ, ಇನ್ನೊಂದು ಸೊಂಟದಲ್ಲಿ ಇಟ್ಟುಕೊಂಡು ಬರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಜೀರ್ ಸಾಬರು ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸುವ ಕೆಲಸವನ್ನು ಹಟ ಹಿಡಿದು ಮಾಡಿಸಿದರು. ಕೊರೆಯುವ ಲಾರಿ ಊರಿಗೆ ಬಂದರೆ ಜಾತ್ರೆಯ ಸಂಭ್ರಮ. ದೂಳು ಹಾರಿ ಹಾರಿ ಕೊನೆಗೆ ಕೆಸರು ನೀರು ಚಿಮ್ಮಿದಾಗ ಮಕ್ಕಳು ಅದರಲ್ಲೇ ಕುಣಿಯುತ್ತಿದ್ದೆವು. ದಲಿತರ ಕೇರಿಗಳಿಗೂ ಕೈಪಂಪು ಬಂದದ್ದು ಸಣ್ಣ ವಿಷಯವಲ್ಲ. ಮೇಲಿನ ಬೀದಿಯವರ ಬಾವಿಯ ಹತ್ತಿರ ದೂರ ನಿಂತು ಯಾರಾದರೂ ನೀರು ಸುರಿದಾರೇನೋ ಎಂದು ಕಾಯುತ್ತಿದ್ದವರು ತಮ್ಮ ಕೈಯಿಂದಲೇ ಪಂಪು ಒತ್ತಿ ನೀರು ಹಿಡಿದರು. ನೀರ್ ಸಾಬ್ ಎಂಬ ಹೆಸರು ಹೀಗೆ ಜನರ ಬಾಯಿಂದಲೇ ಬಂತು.

ಈ ಹೆಸರಿನಿಂದಾಗಿಯೇ ಅವರ ಇನ್ನೊಂದು ಕೊಡುಗೆ ಸ್ವಲ್ಪ ಮರೆಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಕೊಳವೆಬಾವಿಯನ್ನು ಒಬ್ಬ ಮಂತ್ರಿ ಕೊರೆಸಬಹುದು. ಅದು ಕೆಟ್ಟಾಗ ರಿಪೇರಿ ಮಾಡಿಸುವವರು ಯಾರು? ಮಾಡಿಸದಿದ್ದರೆ ಕೇಳುವವರು ಯಾರು? ಮಂತ್ರಿ ಎಲ್ಲ ಊರಿಗೂ ದಿನಾ ಬರಲಾಗದು. ಊರಿನವರೇ ಕೇಳಬೇಕು, ಕೇಳುವುದಕ್ಕೆ ಒಂದು ಜಾಗ ಬೇಕು, ಉತ್ತರ ಕೊಡುವವರು ಎದುರಿಗೆ ನಿಂತಿರಬೇಕು.

ಅದಕ್ಕಾಗಿ ಬಂದದ್ದು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ ಮತ್ತು ನ್ಯಾಯ ಪಂಚಾಯಿತಿಗಳ 1983ರ ಕಾಯಿದೆ. ಅದಕ್ಕೆ ಮೊದಲು ಇದ್ದದ್ದು 1959ರ ಕಾಯಿದೆಯ ಪಂಚಾಯಿತಿಗಳು ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಗಳು. ಅವಕ್ಕೆ ಹಣವೂ ಕಡಿಮೆ, ಅಧಿಕಾರವೂ ಕಡಿಮೆ. ಹೊಸ ಮಸೂದೆಯನ್ನು ಶಾಸನಸಭೆ ಒಪ್ಪಿದರೂ ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ 1985 ಆಯಿತು. ಅಧಿಕಾರ ಕೈಬಿಟ್ಟು ಹೋಗುತ್ತದೆ ಎಂಬ ಚಿಂತೆ ಕೆಲವು ಶಾಸಕರಿಗೂ ಇತ್ತು, ಅಧಿಕಾರಿಗಳಿಗೂ ಇತ್ತು. ನಜೀರ್ ಸಾಬರು ಬೆನ್ನು ಬಿಡಲಿಲ್ಲ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲೆಗಳಲ್ಲಿ ಜಿಲ್ಲಾ ಪರಿಷತ್ತುಗಳು, ರಾಜ್ಯದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು ಹುಟ್ಟಿದವು. ಹೆಂಗಸರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿಯಿಂದ ದೇಶಕ್ಕೆಲ್ಲ ಮಹಿಳಾ ಮೀಸಲಾತಿ ಬಂದದ್ದು 1993ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಪಂಚಾಯಿತಿ ಕುರ್ಚಿಯ ಮೇಲೆ ಕುಳಿತಿದ್ದರು.

ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಪಶುವೈದ್ಯ, ಕೃಷಿ, ಕುಡಿಯುವ ನೀರು ಮುಂತಾದ ಕೆಲಸಗಳು ಇಲಾಖೆಯ ಕೈಯಿಂದ ಜನಪ್ರತಿನಿಧಿಗಳ ಕೈಗೆ ಬಂದವು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಗ್ರಾಮಸಭೆ. ಊರಿನ ಮತದಾರರೆಲ್ಲ ಅದರ ಸದಸ್ಯರು. ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. ಏನು ಕೆಲಸ ಆಗಿದೆ, ಏನು ಆಗಬೇಕು, ಸರ್ಕಾರದ ಸವಲತ್ತು ಯಾರಿಗೆ ಸಲ್ಲಬೇಕು ಎಂಬುದನ್ನು ಅಲ್ಲಿ ಬಹಿರಂಗವಾಗಿ ಚರ್ಚಿಸಬೇಕು.

ಇದರ ಫಲ ಬೇಗನೆ ಕಾಣಿಸಿತು. ಹಳ್ಳಿಯ ಶಾಲೆಗಳಿಗೆ ಮೇಷ್ಟ್ರುಗಳು, ಆಸ್ಪತ್ರೆಗಳಿಗೆ ವೈದ್ಯರು ಮೊದಲಿಗಿಂತ ಸರಿಯಾಗಿ ಬರತೊಡಗಿದರೆಂದು ಆ ಕಾಲದಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯುವಾಗ ಗುರುಗಳು ತಪ್ಪು ತಿಳಿಯಬಾರದು. ಚೆನ್ನಾಗಿ ಪಾಠ ಮಾಡುವ ಮೇಷ್ಟ್ರಿಗೆ ಗ್ರಾಮಸಭೆಯ ಭಯವಿಲ್ಲ. ಕೊಠಡಿ ಸೋರುತ್ತಿದೆ, ಸೀಮೆಸುಣ್ಣಕ್ಕೂ ದುಡ್ಡಿಲ್ಲ ಎಂದು ಊರಿನ ಮುಂದೆ ಹೇಳಿಕೊಳ್ಳಲು ಅವರಿಗೂ ಅದೇ ಜಾಗ. ಇನ್ನೊಂದು ಕಡೆ, ಸಭೆಯಲ್ಲಿ ಇರುಸುಮುರುಸಿನ ಪ್ರಶ್ನೆಗಳು ಬಂದದ್ದರಿಂದ ಕೆಲವು ಪ್ರಧಾನರು ಸಭೆ ಕರೆಯುವುದನ್ನೇ ಕಡಿಮೆ ಮಾಡಿದರು ಎಂಬುದೂ ದಾಖಲಾಗಿದೆ. ಕಾನೂನು ಮಾಡಿದ ಮಾತ್ರಕ್ಕೆ ಬಾಯಿ ತೆರೆಯುವ ಧೈರ್ಯ ಬರುವುದಿಲ್ಲ, ಕೇಳಿಸಿಕೊಳ್ಳುವ ತಾಳ್ಮೆಯೂ ಬರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತು. ಊರಿನ ಹೆಸರು ಬೇಡ. ಗ್ರಾಮಸಭೆಗೆ ಡಂಗುರ ಸಾರಿಸಿದ್ದೆವು. ಅರಳಿಕಟ್ಟೆಯ ಮುಂದೆ ಜಮಖಾನ ಹಾಸಿ, ಅಧಿಕಾರಿಗಳಿಗೆ ಶಾಲೆಯಿಂದ ಕುರ್ಚಿ ತರಿಸಿದ್ದೆವು. ಒಂದೊಂದು ಇಲಾಖೆಯ ವರದಿಯನ್ನೂ ನಾನೇ ಓದಿದೆ. ನೀರಿನ ವರದಿಯಲ್ಲಿ ಊರಿನ ಎಲ್ಲ ಕೈಪಂಪುಗಳೂ ಸುಸ್ಥಿತಿಯಲ್ಲಿವೆ ಎಂದು ಬರೆದಿತ್ತು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಕೆಳಗಿನ ಕೇರಿಯ ಪಂಪು ಕೆಟ್ಟು ತಿಂಗಳ ಮೇಲಾಗಿತ್ತು. ಮೇಲಿನವರು ಬರೆದು ಕಳಿಸಿದ್ದನ್ನು ಓದುವುದಷ್ಟೇ ನನ್ನ ಕೆಲಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಓದಿಬಿಟ್ಟೆ.

ಹಿಂದೆ ಕುಳಿತಿದ್ದ ಒಬ್ಬ ಮುದುಕಿ ಎದ್ದು ನಿಂತರು. ಕೂಗಾಡಲಿಲ್ಲ, ಬೈಯಲಿಲ್ಲ. ಪಂಪು ಚೆನ್ನಾಗಿದ್ದರೆ ಬಂದು ಒಂದು ಬಿಂದಿಗೆ ತುಂಬಿಸಿಕೊಡಿ ಸ್ವಾಮಿ ಅಂದರು, ಅಷ್ಟೇ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಅಧ್ಯಕ್ಷರು, ಅಧಿಕಾರಿ, ನಾನು, ಊರಿನವರು ಎಲ್ಲ ಕೆಳಗಿನ ಕೇರಿಗೆ ನಡೆದೆವು. ಪಂಪಿನ ಹಿಡಿಯನ್ನು ಒತ್ತಿದವನು ನಾನೇ. ಅದು ಕಿರುಗುಟ್ಟಿತೇ ಹೊರತು ಒಂದು ಹನಿ ಬರಲಿಲ್ಲ. ಅಷ್ಟು ಜನರ ಮುಂದೆ ಖಾಲಿ ಬಿಂದಿಗೆಯ ಪಕ್ಕ ನಿಂತಿದ್ದ ಆ ಗಳಿಗೆಯನ್ನು ನಾನು ಈವರೆಗೂ ಮರೆತಿಲ್ಲ.

ಮೂರನೆಯ ದಿನ ಪಂಪು ರಿಪೇರಿಯಾಯಿತು. ಸವೆದುಹೋದ ಒಂದು ವಾಷರ್ ಬದಲಿಸುವ ಕೆಲಸ ಅದು. ಅಷ್ಟಕ್ಕೆ ಒಂದು ಕೇರಿಯ ಹೆಂಗಸರು ತಿಂಗಳಿಗೂ ಹೆಚ್ಚು ಕಾಲ ದೂರದ ತೋಟದಿಂದ ನೀರು ಹೊತ್ತಿದ್ದರು. ಅಂದಿನಿಂದ ಕಣ್ಣಾರೆ ನೋಡದ ಕೆಲಸವನ್ನು ಆಗಿದೆ ಎಂದು ನಾನು ಸಭೆಯಲ್ಲಿ ಓದಲಿಲ್ಲ. ನಡಾವಳಿ ಪುಸ್ತಕದಲ್ಲಿ ಜನ ಕೇಳಿದ ಪ್ರಶ್ನೆಯನ್ನೂ, ಅಧಿಕಾರಿ ಕೊಟ್ಟ ಉತ್ತರವನ್ನೂ ಎದುರೆದುರು ಬರೆಯುವ ಅಭ್ಯಾಸ ಮಾಡಿಕೊಂಡೆ. ನೀರ್ ಸಾಬರು ಕೊಟ್ಟ ಎರಡು ಕೊಡುಗೆಗಳು ಒಂದಕ್ಕೊಂದು ಹೇಗೆ ಆಸರೆ ಎಂಬುದನ್ನು ನನಗೆ ಕಲಿಸಿದ್ದು ಯಾವ ತರಬೇತಿಯೂ ಅಲ್ಲ, ಆ ತಾಯಿ. ಬೋರಿಂಗಿನಲ್ಲಿ ನೀರು ನಿಲ್ಲಬೇಕಾದರೆ ಕೇಳುವ ಬಾಯಿ ಇರಬೇಕು.

ನಜೀರ್ ಸಾಬರು ತಾವು ನೆಟ್ಟ ಗಿಡ ಬೆಳೆಯುವುದನ್ನು ಹೆಚ್ಚು ಕಾಲ ನೋಡಲಿಲ್ಲ. ಮಂಡಲ ಪಂಚಾಯಿತಿಗಳು ಕೆಲಸ ಶುರುಮಾಡಿ ಎರಡು ವರ್ಷವೂ ತುಂಬಿರಲಿಲ್ಲ, 1988ರ ಅಕ್ಟೋಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಸ್ಪತ್ರೆಯ ಮಂಚದ ಮೇಲಿದ್ದಾಗಲೂ ನೋಡಲು ಬಂದವರ ಹತ್ತಿರ ತಮಗೆಂದು ಏನನ್ನೂ ಕೇಳದೆ ಬಡವರ ಮನೆಗಳ ವಿಷಯವನ್ನೇ ಎತ್ತಿದರೆಂದು ಜನ ಇಂದಿಗೂ ಹೇಳುವುದುಂಟು. ಅವರ ನಂತರ ಪಂಚಾಯಿತಿಗಳಿಗೆ ಕೆಟ್ಟ ಕಾಲವೂ ಬಂತು. ಮೊದಲ ಅವಧಿ ಮುಗಿದ ಮೇಲೆ ಹೊಸ ಚುನಾವಣೆ ಕೂಡಲೇ ನಡೆಯದೆ ಆಡಳಿತಾಧಿಕಾರಿಗಳ ಕೈಗೆ ಹೋದವು. ಆದರೆ ಕರ್ನಾಟಕದಲ್ಲಿ ನಡೆದ ಈ ಪ್ರಯೋಗವನ್ನು ದೇಶ ಗಮನಿಸಿತ್ತು. 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಅದೇ ವರ್ಷ ನಮ್ಮ ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯಿದೆ ಬಂದು, ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆಯಿತು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಪಂಚಾಯಿತಿ ಸದಸ್ಯರೂ ನೌಕರರೂ ತರಬೇತಿಗೆ ಹೋಗುವುದು ಅಲ್ಲಿಗೇ.

ಈಗಿನ ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಕೋರಂ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಖರ್ಚಿನ ಲೆಕ್ಕವನ್ನು ಊರಿನ ಮುಂದೆ ಇಡಬೇಕು. ಮಕ್ಕಳ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೂ ಎದ್ದು ನಿಂತು ಶೌಚಾಲಯ ಏಕೆ ಸರಿಯಿಲ್ಲ, ಶಾಲೆ ಬಿಡುವ ಹೊತ್ತಿಗೆ ಬಸ್ಸು ಏಕಿಲ್ಲ ಎಂದು ಕೇಳಬಹುದು. ಆದರೂ ಎಷ್ಟೋ ಊರುಗಳಲ್ಲಿ ಸಭೆ ಎಂದರೆ ಖಾಲಿ ಜಮಖಾನ, ಮನೆ ಮನೆಗೆ ಹೋಗಿ ಹಾಕಿಸಿಕೊಂಡ ಸಹಿ, ತಡವಾಗಿ ಬಂದು ಬೇಗ ಹೊರಡುವ ಇಲಾಖೆಯವರು ಎಂಬಂತಾಗಿದೆ. ಅದರಲ್ಲಿ ನೌಕರರ ತಪ್ಪು ಎಷ್ಟಿದೆಯೋ ಬಾರದೆ ಮನೆಯಲ್ಲೇ ಕೂರುವ ನಮ್ಮ ತಪ್ಪೂ ಅಷ್ಟೇ ಇದೆ.

ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಕಾಮಗೆರೆಯನ್ನು ನೋಡುತ್ತ ಸಾವಿರಾರು ಜನ ಹಾದುಹೋಗುತ್ತಾರೆ. ಇಲ್ಲಿ ಓದಿದ ನಾವೂ ಬಹಳ ಮಂದಿ ಮೈಸೂರು, ಬೆಂಗಳೂರು ಸೇರಿ ಹಬ್ಬಕ್ಕೋ ಜಾತ್ರೆಗೋ ಬಂದು ಹೋಗುವವರಾಗಿದ್ದೇವೆ. ಸುವರ್ಣ ಮಹೋತ್ಸವಕ್ಕೆ ಶಾಲೆಗೆ ಗಡಿಯಾರ, ಬೆಂಚು, ಕಪಾಟು ಕೊಡುವವರಿಗೆ ನನ್ನ ನಮಸ್ಕಾರ. ಅದರ ಜೊತೆಗೆ ಒಂದು ಬೇಡಿಕೆ. ಊರಿನಲ್ಲಿ ಮತ ಇರುವವರು ವರ್ಷದಲ್ಲಿ ಒಂದು ಗ್ರಾಮಸಭೆಗಾದರೂ ಬಂದು ಕೂರಿ. ಮತ ಇಲ್ಲದವರು ನಿಮ್ಮ ಅಪ್ಪ ಅಮ್ಮಂದಿರನ್ನು, ಅಣ್ಣ ತಮ್ಮಂದಿರನ್ನು ಕಳಿಸಿ. ವರದಿ ಓದುವಾಗ ಕೇಳಿಸಿಕೊಳ್ಳಿ, ಸುಳ್ಳೆನಿಸಿದರೆ ಎದ್ದು ನಿಲ್ಲಿ. ಕೋಪ ಬೇಡ, ಕೂಗಾಟ ಬೇಡ. ಒಂದು ಬಿಂದಿಗೆ ತುಂಬಿಸಿಕೊಡಿ ಎಂದು ಕೇಳಿದರೆ ಸಾಕು.

ನಮ್ಮ ಜಿಲ್ಲೆಯವರೇ ಆದ ನೀರ್ ಸಾಬರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.